ಎರಡು ಉದ್ದ, ಒಂದು ಗಿಡ್ಡ

ನಮ್ಮ ಊರಿನ ಅಜ್ಜಂದಿರನ್ನು ‘ನಿಮ್ಮ ಬದುಕಿನ ಬಗ್ಗೆ ಸ್ವಲ್ಪ ಹೇಳಿ’ ಅಂತ ಕೇಳಿ ನೋಡಿ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ. ‘ಹೇಳೋಕೆ ಏನಿದೆ? ಒಕ್ಕಲುತನ ಮಾಡಿದೆ, ಅಷ್ಟೇ.’

ನಮ್ಮ ಊರು ಇರುವುದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಕ್ಷಿಣದಲ್ಲಿ. ರಿಜೈನಾ ನಗರದಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಸುತ್ತ ಪ್ರೇರಿ ಬಯಲು. ಗುಡ್ಡವಿಲ್ಲ, ಕಾಡಿಲ್ಲ. ಕಣ್ಣು ಹಾಯುವಷ್ಟು ದೂರ ಗೋಧಿ, ಮಸೂರ, ಕನೋಲಾ. ಇಲ್ಲಿನ ವೃದ್ಧರ ಮನೆಯಲ್ಲಿ ನಾನು ಆರೈಕೆ ಕೆಲಸ ಮಾಡುತ್ತೇನೆ. ಬಂದು ಒಂಬತ್ತು ವರ್ಷವಾಯಿತು. ನವಲಗುಂದ ಕಡೆಯ ಎರೆ ಹೊಲದಲ್ಲಿ ಬೆಳೆದವಳು ನಾನು. ಮಳೆ ಬಂದ ಮೇಲೆ ಬೂಟಿಗೆ ಸೇರುಗಟ್ಟಲೆ ಅಂಟಿಕೊಳ್ಳುವ ಇಲ್ಲಿನ ಜಿಗುಟು ಮಣ್ಣು ನನಗೆ ಹೊಸದಾಗಿ ಕಾಣಲೇ ಇಲ್ಲ. ಇವರು ಅದನ್ನು ಗಂಬೋ ಅನ್ನುತ್ತಾರೆ.

ಐದು ವರ್ಷದ ಹಿಂದೆ, ಫೆಬ್ರವರಿಯಲ್ಲಿ, 91 ವರ್ಷದ ಒಬ್ಬ ಅಜ್ಜ ತೀರಿಕೊಂಡರು. ಎರಡು ವರ್ಷ ದಿನಾ ಬೆಳಿಗ್ಗೆ ಅವರ ಗಡ್ಡ ತೆಗೆದವಳು ನಾನು. ಆಗ ಅವರು ಮಾತಾಡುತ್ತಿದ್ದರು. ಅಪ್ಪನ ನಾಲ್ಕು ಕುದುರೆಗಳ ಹೆಸರು, ಯಾವುದು ಕಚ್ಚುತ್ತಿತ್ತು, ಯಾವುದು ದಾರಿ ಕಾಣದ ಹಿಮಗಾಳಿಯಲ್ಲೂ ಮನೆಗೆ ಕರೆತರುತ್ತಿತ್ತು, ಎಲ್ಲ. ಮಣ್ಣು ಮಾಡಿದ ದಿನ ಸಭಾಂಗಣದಲ್ಲಿ ಎಲ್ಲರಿಗೂ ಮಡಚಿದ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಅವರ ಬದುಕು ನಾಲ್ಕು ಸಾಲು. ಹುಟ್ಟಿದ ದಿನ, ಮದುವೆ, ಒಕ್ಕಲುತನ, ಹಾಕಿ ಆಟದ ಹುಚ್ಚು. ಮನೆಗೆ ಬಂದು ಕುದುರೆಗಳ ಹೆಸರು ಬರೆದಿಡಲು ಕೂತೆ. ಎರಡು ನೆನಪಾದವು. ಇನ್ನೆರಡು ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಅವತ್ತಿನಿಂದ ಶುರುಮಾಡಿದೆ. ಈವರೆಗೆ ಹದಿನಾಲ್ಕು ಜನರ ಬದುಕು ಬರೆದಿಟ್ಟಿದ್ದೇನೆ. ಒಬ್ಬೊಬ್ಬರದೂ ಇಪ್ಪತ್ತು ಮೂವತ್ತು ಪುಟ, ಜೊತೆಗೆ ಅವರ ದನಿಯ ರೆಕಾರ್ಡಿಂಗ್.

ಮೊದಲನೆಯದು ಪೂರಾ ಕೆಟ್ಟಿತು. ನಲವತ್ತು ಪ್ರಶ್ನೆ ಬರೆದುಕೊಂಡು ಹೋಗಿ ಎದುರಿಗೆ ಕೂತೆ, ಫೋನು ಮೇಜಿನ ಮೇಲಿಟ್ಟೆ. ‘ಬಾಲ್ಯ ಹೇಗಿತ್ತು?’ ‘ಚೆನ್ನಾಗಿತ್ತು.’ ‘ಕಷ್ಟ ಇತ್ತಾ?’ ‘ಎಲ್ಲರಿಗೂ ಇತ್ತು.’ ಹನ್ನೊಂದು ನಿಮಿಷಕ್ಕೆ ಮುಗಿಯಿತು. ತಪ್ಪು ಅವರದಲ್ಲ. ತಮ್ಮ ಬಗ್ಗೆ ತಾವೇ ಮಾತಾಡುವುದು ಇವರಿಗೆ ಅಭ್ಯಾಸವಿಲ್ಲ. ಹೊಲದ ಬಗ್ಗೆ, ಯಂತ್ರದ ಬಗ್ಗೆ, ಹವೆಯ ಬಗ್ಗೆ ಮಾತಾಡುತ್ತಾರೆ. ಅವರು ಸಿಗುವುದು ಆ ಮಾತುಗಳ ಒಳಗೇ. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಈಗ ನಾನು ಪ್ರಶ್ನೆ ಬರೆದುಕೊಂಡು ಹೋಗುವುದಿಲ್ಲ. ನಕ್ಷೆ ಒಯ್ಯುತ್ತೇನೆ.

ಇಲ್ಲಿ ಜಮೀನು ಅಳೆದಿರುವ ರೀತಿ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಕ್ಕೆ ಸೆಕ್ಷನ್ ಅಂತಾರೆ, 640 ಎಕರೆ. ಅದರ ಕಾಲು ಭಾಗ ಕ್ವಾರ್ಟರ್, 160 ಎಕರೆ. 36 ಸೆಕ್ಷನ್ ಸೇರಿದರೆ ಒಂದು ಟೌನ್‌ಶಿಪ್. 1872ರ ಕಾನೂನಿನ ಪ್ರಕಾರ 10 ಡಾಲರ್ ಕಟ್ಟಿ ಒಂದು ಕ್ವಾರ್ಟರ್ ಹಿಡಿಯಬಹುದಿತ್ತು. ಅಲ್ಲೇ ಮನೆ ಕಟ್ಟಿ, ಇದ್ದು, ಇಷ್ಟು ಎಕರೆ ಅಂತ ನೆಲ ಒಡೆದು ತೋರಿಸಿದರೆ ಮೂರು ವರ್ಷದ ಮೇಲೆ ಅದು ನಿಮ್ಮದು. ಹೀಗೆ ಪಡೆದ ಜಮೀನಿಗೆ ಹೋಮ್‌ಸ್ಟೆಡ್ ಅಂತಾರೆ. ನಮ್ಮಲ್ಲಿ ಸರ್ವೆ ನಂಬರ್ ಇದ್ದಹಾಗೆ ಇಲ್ಲಿ ಪ್ರತಿ ಕ್ವಾರ್ಟರ್‌ಗೂ ಒಂದು ಗುರುತು ಇದೆ. 90 ದಾಟಿದವರು ಮೊಮ್ಮಗನ ಹೆಸರು ಮರೆತಿರುತ್ತಾರೆ, ‘ಇಪ್ಪತ್ತೆರಡರ ಈಶಾನ್ಯ’, ಅಂದರೆ 22ನೇ ಸೆಕ್ಷನ್ನಿನ ಈಶಾನ್ಯ ಮೂಲೆಯ ಕ್ವಾರ್ಟರ್, ಮರೆತಿರುವುದಿಲ್ಲ.

ಆ ಗುರುತು ಒಂದು ಸಿಕ್ಕರೆ ಸಾಕು. ಪ್ರಾಂತ್ಯದ ದಾಖಲೆ ಸಂಗ್ರಹದಲ್ಲಿ ಅವರ ಅಪ್ಪನದೋ ಅಜ್ಜನದೋ ಹೋಮ್‌ಸ್ಟೆಡ್ ಕಡತ ಹುಡುಕಬಹುದು. ಯಾವ ವರ್ಷ ಎಷ್ಟು ಎಕರೆ ಒಡೆದರು, ಎಷ್ಟು ದನ, ಎಷ್ಟು ಕುದುರೆ, ಮನೆ ಎಷ್ಟು ಅಡಿಗೆ ಎಷ್ಟು ಅಡಿ, ಎಲ್ಲ ಅವರ ಬಾಯಿಂದಲೇ ಹೇಳಿಸಿ ಸಹಿ ಹಾಕಿಸಿಕೊಂಡ ಕಾಗದ ಅದು. ಕಮಿನ್ಸ್ ಅಂತ ಒಂದು ಕಂಪನಿಯ ಹಳೇ ನಕ್ಷೆಗಳೂ ಇವೆ. ಅವುಗಳಲ್ಲಿ ಪ್ರತಿ ಚೌಕದೊಳಗೆ ಆಗಿನ ಒಡೆಯನ ಹೆಸರು ಅಚ್ಚಾಗಿದೆ. ಅಜ್ಜ 11 ಅಥವಾ 29ನೇ ಸೆಕ್ಷನ್ ಹೇಳಿದರೆ ಮಾತ್ರ ನಾನು ಹೋಮ್‌ಸ್ಟೆಡ್ ಕಡತ ಹುಡುಕುವುದಿಲ್ಲ. ಅವು ಶಾಲೆಗಳ ಖರ್ಚಿಗೆಂದು ತೆಗೆದಿಟ್ಟ ಜಮೀನು, ಹರಾಜಿನಲ್ಲಿ ಕೊಂಡಿದ್ದಿರಬೇಕು.

ನಕ್ಷೆಯ ಪ್ರತಿ ದೊಡ್ಡದಾಗಿ ತೆಗೆಸಿ ಅವರ ತೊಡೆಯ ಮೇಲೆ ಹರಡುತ್ತೇನೆ. ಎದುರಿಗಲ್ಲ, ಪಕ್ಕಕ್ಕೆ ಕೂರುತ್ತೇನೆ. ಇಬ್ಬರ ಕಣ್ಣೂ ಹಾಳೆಯ ಮೇಲಿದ್ದಾಗ ಮಾತು ಸಲೀಸು. ಒಂದು ಬೆರಳು ನಿಧಾನಕ್ಕೆ ಓಡಲು ಶುರುವಾಗುತ್ತದೆ. ‘ಇದು ನಾರ್ವೆಯವನ ಕ್ವಾರ್ಟರ್.’ ಆ ನಾರ್ವೆಯವನು ಜಾಗ ಬಿಟ್ಟು ಎಂಬತ್ತು ವರ್ಷವಾಗಿರುತ್ತದೆ, ಹೊಲಕ್ಕೆ ಹೆಸರು ಮಾತ್ರ ಅವನದೇ. ನಮ್ಮ ಕಡೆಯೂ ಹಾಗೇ ಅಲ್ವಾ? ‘ಇಲ್ಲಿ ಶಾಲೆ ಇತ್ತು. ಒಂದೇ ಕೋಣೆ. ಇಲ್ಲಿಂದ ಇಲ್ಲಿಗೆ ನಡೀತಿದ್ದೆ.’ ಬೆರಳು ನಿಂತಲ್ಲಿ ನಾನು ಸುಮ್ನೆ ಕಾಯುತ್ತೇನೆ. ಕಾಯುವುದೇ ದೊಡ್ಡ ಕೆಲಸ. ಮೊದಮೊದಲು ಆ ಮೌನ ತಡೆಯಲಾಗದೆ ನಾನೇ ಇನ್ನೊಂದು ಪ್ರಶ್ನೆ ಹಾಕಿ ಎಷ್ಟೋ ಒಳ್ಳೆಯ ಮಾತು ಕಳೆದುಕೊಂಡಿದ್ದೇನೆ.

ಇಸವಿ ಕೇಳಬಾರದು. ಕೇಳಿದರೆ ಸರಿಯಾಗಿ ಹೇಳಬೇಕೆಂಬ ಚಿಂತೆಗೆ ಮಾತೇ ನಿಂತುಬಿಡುತ್ತದೆ. ನಮ್ಮ ಹಿರಿಯರು ‘ಆ ಬರಗಾಲಕ್ಕೆ ಮೊದಲು’ ಅನ್ನುವಹಾಗೆ ಇವರಿಗೂ ಗೂಟಗಳಿವೆ. ಧೂಳಿನ ಕಾಲದ ಮೊದಲೋ ಆಮೇಲೋ? ಹೊಲದ ಮನೆಗೆ ಕರೆಂಟ್ ಬರುವ ಮೊದಲೋ? ಇಲ್ಲಿನ ಬಹಳ ಮನೆಗಳಿಗೆ ಕರೆಂಟ್ ಬಂದಿದ್ದು 1950ರ ದಶಕದಲ್ಲಿ. 1962ರಲ್ಲಿ ಸರ್ಕಾರಿ ಆರೋಗ್ಯ ವಿಮೆ ಬಂದಾಗ ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರಲ್ಲ, ಅದಕ್ಕೆ ಮೊದಲೋ? ಊರಿನ ಮರದ ಎಲಿವೇಟರ್ ಕೆಡವಿದ ಮೇಲೋ? ಎಲಿವೇಟರ್ ಅಂದರೆ ರೈಲು ಹಳಿಯ ಪಕ್ಕ ಧಾನ್ಯ ತುಂಬಿಡುತ್ತಿದ್ದ ಎತ್ತರದ ಕಟ್ಟಡ. ಒಂದು ಕಾಲಕ್ಕೆ ಈ ಪ್ರಾಂತ್ಯದಲ್ಲೇ ಮೂರು ಸಾವಿರಕ್ಕೂ ಜಾಸ್ತಿ ಇದ್ದವು. ಇವರಿಗೆ ಅದು ಊರ ಗೋಪುರ. ಅದು ಬಿದ್ದ ದಿನದ ಬಗ್ಗೆ ಕೇಳಿದರೆ ಮಾತು ಬದಲಿಸಿದವರೇ ಜಾಸ್ತಿ.

ಧೂಳಿನ ಕಾಲ ಅಂದರೆ ಬರ ಬಿದ್ದು ಹೊಲದ ಮಣ್ಣೇ ಧೂಳಾಗಿ ಹಾರಿದ 1930ರ ದಶಕ. ಈಗ ಬದುಕಿರುವವರು ಆಗ ಎಳೆ ಮಕ್ಕಳು. ಆದರೂ ಕಿಟಕಿ ಸಂದಿಗೆ ಅಮ್ಮ ಒದ್ದೆ ಬಟ್ಟೆ ತುರುಕುತ್ತಿದ್ದುದು ಒಬ್ಬರಿಗೆ ನೆನಪಿದೆ. 1937ರಲ್ಲಿ ಗೋಧಿ ಇಳುವರಿ ಎಕರೆಗೆ ಮೂರು ಬುಷೆಲ್ ಕೂಡ ಬರಲಿಲ್ಲ. ಒಂದು ಬುಷೆಲ್ ಅಂದರೆ 27 ಕಿಲೋ, ನೀವೇ ಲೆಕ್ಕ ಹಾಕಿ. ಆ ಜುಲೈಯಲ್ಲಿ ಯೆಲ್ಲೋ ಗ್ರಾಸ್ ಊರಿನಲ್ಲಿ ಬಿಸಿಲು 45 ಡಿಗ್ರಿ ಮುಟ್ಟಿತ್ತು. ದನಗಳಿಗೆ ಮುಳ್ಳುಗಿಡ ಕೊಯ್ದು ಹಾಕಿದರಂತೆ. ಪೂರ್ವದ ಕಡಲ ತೀರದವರು ರೈಲಿನಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು ಕಳಿಸಿದರು. ಅದನ್ನು ಹೇಗೆ ಅಡುಗೆ ಮಾಡುವುದೋ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೆಟ್ರೋಲಿಗೆ ಕಾಸಿಲ್ಲದೆ ಕಾರಿನ ಎಂಜಿನ್ ತೆಗೆದು ಕುದುರೆ ಕಟ್ಟಿ ಓಡಿಸಿದರು. ಆ ದಶಕದ ಮೊದಲರ್ಧದಲ್ಲಿ ಪ್ರಧಾನಿಯಾಗಿದ್ದವರ ಹೆಸರು ಹಿಡಿದು ಅದಕ್ಕೆ ಬೆನೆಟ್ ಬಗ್ಗಿ ಅಂದರು.

ಇನ್ನು ಡೈರಿಗಳು. ತುಂಬಾ ಜನ ರೈತರು ಅಂಗೈಯಗಲದ ಪಾಕೆಟ್ ಡೈರಿ ಇಟ್ಟಿದ್ದರು. ದಿನಕ್ಕೆ ಒಂದೆರಡು ಸಾಲು, ಪೆನ್ಸಿಲ್ ಬರಹ. ಒಬ್ಬ ಅಜ್ಜ ಶೂ ಡಬ್ಬಿ ತುಂಬ ಕೊಟ್ಟರು. 1956ರ ಮಾರ್ಚಿನ ಒಂದು ದಿನ ಹೀಗಿತ್ತು: ‘18. ಮೋಡ. ಪಂಪು ಹೆಪ್ಪುಗಟ್ಟಿತ್ತು. ಮಗಳು ಹುಟ್ಟಿದಳು. ಸಂಜೆ ಗಾಳಿ.’

ನಾನು 18 ಡಿಗ್ರಿ, ಬೆಚ್ಚನೆಯ ದಿನ ಅಂತ ಬರೆದುಕೊಂಡೆ. ಬರೆದ ಮೇಲೆ ಅನುಮಾನ ಬಂತು. ಅಷ್ಟು ಬೆಚ್ಚಗಿದ್ದರೆ ಪಂಪು ಯಾಕೆ ಹೆಪ್ಪುಗಟ್ಟಬೇಕು? ಕೆನಡಾ ಸೆಲ್ಸಿಯಸ್‌ಗೆ ಬದಲಾಗಿದ್ದು 1975ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲಿನದೆಲ್ಲ ಫ್ಯಾರನ್‌ಹೀಟ್. ಆ 18 ಅಂದರೆ ಮೈನಸ್ 8ರ ಹತ್ತಿರ. ಅಲ್ಲಿಯವರೆಗೆ ಬರೆದಿದ್ದ ಮೂವರ ಪುಟಗಳನ್ನೂ ತೆಗೆದು ತಿದ್ದಿದೆ. ಹಳೇ ಡೈರಿ ಓದುವವರು ಇದನ್ನು ಮೊದಲೇ ಗಮನಿಸಿ.

ಆ ಸಾಲನ್ನು ಅಜ್ಜನಿಗೆ ಓದಿ ಹೇಳಿದೆ. ‘ಪಂಪಿನ ಸುದ್ದಿ ಯಾಕೆ ಬರೆದಿರಿ?’ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ‘ಹೆರಿಗೆಗೆ ನೀರು ಬೇಕಿತ್ತಲ್ಲ’ ಅಂದರು.

ಆಮೇಲೆ ನಲವತ್ತು ನಿಮಿಷ ಮಾತಾಡಿದರು. ಮೂರು ದಿನ ಹಿಮಗಾಳಿ ಬೀಸಿ ರಸ್ತೆ ಮುಚ್ಚಿತ್ತು. ಡಾಕ್ಟರು ಬರುವ ಹಾಗಿರಲಿಲ್ಲ. ಆಗಿನ ಟೆಲಿಫೋನು ಒಂದೇ ತಂತಿಗೆ ಎಂಟು ಹತ್ತು ಮನೆ. ರೈತರೇ ದುಡ್ಡು ಹಾಕಿ ಕಂಬ ನೆಟ್ಟುಕೊಂಡದ್ದು. ಪ್ರತಿ ಮನೆಗೂ ಒಂದೊಂದು ಗಂಟೆಯ ಗುರುತು. ಇವರದು ಎರಡು ಉದ್ದ, ಒಂದು ಗಿಡ್ಡ. ಒಂದೇ ಸಮನೆ ಉದ್ದಕ್ಕೆ ಬಾರಿಸಿದರೆ ಯಾರದೋ ಮನೆಗೆ ಬೆಂಕಿ ಬಿದ್ದಿದೆ ಅಥವಾ ಜೀವಕ್ಕೆ ಅಪಾಯ ಅಂತ ಎಲ್ಲರೂ ಎತ್ತಬೇಕು. ಅವತ್ತು ಇವರು ಉದ್ದಕ್ಕೆ ಬಾರಿಸಿದರು. ಪಕ್ಕದ ಹೊಲದ ಹೆಂಗಸು ಗಂಡನ ಜೊತೆ ಕುದುರೆಯ ಹಿಮಬಂಡಿಯಲ್ಲಿ ಬಂದರು. ಈ ಅಜ್ಜ ಕೆಟಲಿನಲ್ಲಿ ಹಿಮ ಕಾಯಿಸಿ, ಕಾಯಿಸಿದ ನೀರನ್ನು ಪಂಪಿನ ಮೇಲೆ ಸುರಿದು ಸುರಿದು, ಬೆಳಗಿನ ಜಾವ ನಾಲ್ಕಕ್ಕೆ ಅದು ಕರಗಿ ನೀರು ಬಂತಂತೆ. ಆ ಕೈಗಳನ್ನು ನಾನು ದಿನಾ ತೊಳೆಯುತ್ತಿದ್ದೆ. ಎಡಗೈ ಉಂಗುರದ ಬೆರಳಿನ ತುದಿ ಇಲ್ಲ. ಅದು ಬೇರೆ ಕಥೆ, ಧಾನ್ಯ ಏರಿಸುವ ಯಂತ್ರದ್ದು.

ಡೈರಿಯಲ್ಲಿ ಹೆಂಡತಿಯ ಹೆಸರು ಒಂದು ಕಡೆಯೂ ಇರಲಿಲ್ಲ. ಗಂಡಸರ ನೆನಪು ಬರೆಯುವಾಗ ನಾನು ಜಾಸ್ತಿ ಎಚ್ಚರ ವಹಿಸುವುದು ಇಲ್ಲೇ. ಹೆಂಡತಿ ಬದುಕಿದ್ದರೆ ಅವರೂ ಅದೇ ಕೋಣೆಯಲ್ಲಿರಲಿ ಅಂತ ಕೇಳಿಕೊಳ್ಳುತ್ತೇನೆ. ಅಡುಗೆಮನೆಯಿಂದಲೇ ‘ಅದು ನಿಮ್ಮ ಅಣ್ಣನ ಟ್ರಾಕ್ಟರು, ನಮ್ಮದಲ್ಲ’ ಅನ್ನುವ ದನಿ ಬರುತ್ತದೆ. ಆ ದನಿಯನ್ನೂ ಬರೆಯುತ್ತೇನೆ.

ಇನ್ನೊಂದು ಸಂಗತಿ. ಈ ನೆಲ ಖಾಲಿ ಇರಲಿಲ್ಲ. ಸರ್ಕಾರ ಇಲ್ಲಿನ ಮೂಲನಿವಾಸಿಗಳ ಜೊತೆ 1874ರಲ್ಲಿ ಫೋರ್ಟ್ ಕಪೆಲ್‌ನಲ್ಲಿ ಸಹಿ ಮಾಡಿದ ನಾಲ್ಕನೇ ಒಪ್ಪಂದದ ನೆಲ ಇದು. ಕ್ರೀ, ಸೋಟೋ, ಅಸಿನಿಬೊಯಿನ್ ಜನರದ್ದು. ಒಬ್ಬ ಅಜ್ಜ ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋಗಿ ತಮ್ಮ ಹುಲ್ಲುಗಾವಲಿನಲ್ಲಿ ಕಲ್ಲಿನ ವೃತ್ತಗಳನ್ನು ತೋರಿಸಿದರು. ಚರ್ಮದ ಡೇರೆಯ ಅಂಚಿಗೆ ಭಾರಕ್ಕಿಟ್ಟ ಕಲ್ಲುಗಳು, ಅರ್ಧ ನೆಲದಲ್ಲಿ ಹೂತಿವೆ. ‘ಅಪ್ಪ ಇಲ್ಲಿ ನೇಗಿಲು ಹಾಕಲಿಲ್ಲ. ನಾನೂ ಹಾಕಲಿಲ್ಲ’ ಅಂದರು. ಯಾಕೆ ಅಂತ ಅವರು ಹೇಳಲಿಲ್ಲ. ನಾನೂ ಊಹಿಸಿ ಬರೆಯಲಿಲ್ಲ. ಅವರು ಹೇಳಿದ್ದು, ನಾನು ಕಂಡಿದ್ದು, ಅಷ್ಟನ್ನೇ ಬರೆದೆ.

ನನಗೆ ತುಂಬಾ ಇಷ್ಟವಾದ ಮಾತು ಸಿಕ್ಕಿದ್ದು ಮಸೂರದ ನೆಪದಲ್ಲಿ. ಮೊದಲೆಲ್ಲ ಇವರು ಒಂದು ವರ್ಷ ಗೋಧಿ ಬಿತ್ತಿದರೆ ಮುಂದಿನ ವರ್ಷ ಹೊಲ ಬೀಳು ಬಿಡುತ್ತಿದ್ದರು, ತೇವ ಉಳಿಯಲಿ ಅಂತ. ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಆಲ್ ಸ್ಲಿಂಕಾರ್ಡ್ ಅನ್ನುವ ವಿಜ್ಞಾನಿ 1978ರಲ್ಲಿ ಲೇರ್ಡ್ ಅನ್ನುವ ಮಸೂರ ತಳಿ ಕೊಟ್ಟ ಮೇಲೆ ಬೀಳು ಬಿಡುತ್ತಿದ್ದ ಎಷ್ಟೋ ಹೊಲಕ್ಕೆ ಬೇಳೆಕಾಳು ಬಂತು. ಅದರ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. 2017ರ ಡಿಸೆಂಬರ್‌ನಲ್ಲಿ ಭಾರತ ಮಸೂರದ ಮೇಲೆ 30 ಪರ್ಸೆಂಟ್ ಸುಂಕ ಹಾಕಿದ್ದು ಇಲ್ಲಿನ ಕಾಫಿ ಟೇಬಲ್ಲುಗಳಲ್ಲಿ ತಿಂಗಳುಗಟ್ಟಲೆ ಚರ್ಚೆಯಾಗಿತ್ತು. ಒಬ್ಬ ಅಜ್ಜ ಮೂವತ್ತು ವರ್ಷ ಮಸೂರ ಬೆಳೆದವರು, ಒಂದು ದಿನವೂ ತಿಂದವರಲ್ಲ. ನಾವು ಇದಕ್ಕೆ ಚನ್ನಂಗಿ ಬೇಳೆ ಅಂತೀವಿ ಅಂದೆ. ಮರುದಿನ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಖಾರ ಹಾಕದೆ ಡಬ್ಬಿಯಲ್ಲಿ ಒಯ್ದೆ. ಚಮಚೆಯಲ್ಲಿ ತಗೊಂಡು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ‘ಹಾಗಾದರೆ ಅದು ಇಲ್ಲಿಗೆ ಬರ್ತಿತ್ತು’ ಅಂದರು. ಯಾವ ಹೊಲದಲ್ಲಿ ಮೊದಲು ಹಾಕಿದೆ, ಕೊಯ್ಯುವಾಗ ಗಿಡ ಎಷ್ಟು ಗಿಡ್ಡ, ಯಂತ್ರದ ಬಾಯಿಗೆ ಕಲ್ಲು ಸಿಕ್ಕಿ ಎಷ್ಟು ಸಲ ನಿಂತಿತು, ಎಲ್ಲ ಅವತ್ತೇ ಹೇಳಿದ್ದು.

ಬರೆದ ಮೇಲೆ ಪೂರ್ತಿ ಅವರಿಗೇ ಓದಿ ಹೇಳುತ್ತೇನೆ. ದೊಡ್ಡ ದನಿಯಲ್ಲಿ, ಕಿವಿಯ ಮೆಷಿನ್ ಬ್ಯಾಟರಿ ನೋಡಿಕೊಂಡು, ಬೆಳಿಗ್ಗೆ ಹತ್ತರ ಒಳಗೆ. ಬೇಡ ಅಂದಿದ್ದನ್ನು ತೆಗೆಯುತ್ತೇನೆ. ಒಬ್ಬರು ತಮ್ಮನ ಜೊತೆಗಿನ ಜಮೀನು ಜಗಳದ ಆರು ಪುಟ ತೆಗೆಸಿದರು. ಚೆನ್ನಾಗಿದ್ದ ಪುಟಗಳು. ಆದರೆ ತಮ್ಮ ಇನ್ನೂ ಅದೇ ರಸ್ತೆಯಲ್ಲಿದ್ದಾನೆ. ಅವರ ಮಾತು ಸರಿ, ಹರಿದು ಹಾಕಿದೆ.

ಪಂಪಿನ ಅಜ್ಜ ಹೋದ ನವೆಂಬರಿನಲ್ಲಿ ತೀರಿಕೊಂಡರು. ಮಡಚಿದ ಹಾಳೆ ಈ ಸಲವೂ ಇತ್ತು. ಪಕ್ಕದಲ್ಲೇ ನನ್ನ ಇಪ್ಪತ್ತೆಂಟು ಪುಟ, ಜನ ಸ್ಯಾಂಡ್‌ವಿಚ್ ಹಿಡಿದು ನಿಂತೇ ಓದುತ್ತಿದ್ದರು. ಮಗಳು, 1956ರ ಆ ರಾತ್ರಿ ಹುಟ್ಟಿದವರು, ನನ್ನನ್ನು ಪಕ್ಕಕ್ಕೆ ಕರೆದರು. ಪುಸ್ತಕ ಇದೆ, ರೆಕಾರ್ಡಿಂಗ್ ಎಲ್ಲ ಆಮೇಲೆ ಕೇಳುತ್ತೇನೆ, ಈಗ ಒಂದೇ ಒಂದು ತುಣುಕು ಫೋನಿಗೆ ಕಳಿಸ್ತೀಯಾ ಅಂದರು. ಯಾವುದು ಅಂತ ಕೇಳಿದೆ. ಅಪ್ಪ ಟೆಲಿಫೋನಿನ ಗಂಟೆಯನ್ನು ಬಾಯಲ್ಲೇ ಬಾರಿಸಿ ತೋರಿಸಿದ್ದು. ಒಂಬತ್ತು ಸೆಕೆಂಡಿನದು. ಎರಡು ಉದ್ದ, ಒಂದು ಗಿಡ್ಡ. ಅಲ್ಲೇ ನಿಂತು ಕಳಿಸಿದೆ.