ಮುದ್ದೆ ಮೇಲೊಂದು ಬಾಳೆಲೆ ತುಂಡು

ಮೈಸೂರಿನ ಹೊರವಲಯದ ಒಂದು ಗ್ರೂಪ್ ಹೋಮಿಗೆ, ಅಂದರೆ ಅಂಗವೈಕಲ್ಯ ಇರುವ ದೊಡ್ಡವರು ಒಟ್ಟಿಗೆ ಇರುವ ಮನೆಗೆ, ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಆರು ಜನ ಗಂಡಸರಿದ್ದಾರೆ. ಎಲ್ಲರಿಗೂ ಬೌದ್ಧಿಕ ಅಂಗವೈಕಲ್ಯ, ಇಬ್ಬರಿಗೆ ಜೊತೆಗೆ ಆಟಿಸಂ. ಏನು ಕೆಲಸ ನಿಮ್ಮದು ಅಂತ ಯಾರಾದರೂ ಕೇಳಿದರೆ, ಅವರ ಪರವಾಗಿ ಜಗಳ ಆಡೋದು ಅಂತ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ, ಜಗಳ ಆಡಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಅಲ್ಲಿರುವ ಒಬ್ಬರನ್ನು ಅಣ್ಣ ಅಂತಲೇ ಕರೆಯುತ್ತೇನೆ, ಹೆಸರು ಬೇಡ. ವಯಸ್ಸು 46. ಮಾತು ಕಡಿಮೆ, ಹೆಚ್ಚೆಂದರೆ ಇಪ್ಪತ್ತು ಪದ. ಅಲ್ಲಿ ಎಲ್ಲರೂ ಅವರನ್ನು 'ಮಗು' ಅನ್ನುತ್ತಾರೆ. ಗಡ್ಡ ನರೆತಿದೆ, ಮಗುವಂತೆ!

ದಿನಚರಿ ಪುಸ್ತಕದಲ್ಲಿ ಅಣ್ಣನ ಬಗ್ಗೆ ಇದ್ದದ್ದು ಎರಡೇ ಸಾಲು: 'ಊಟಕ್ಕೆ ಹಠ', 'ರಾತ್ರಿ ಓಡಾಟ'. ಡಾಕ್ಟರಿಗೆ ಹೇಳಿ ಮಾತ್ರೆ ಜಾಸ್ತಿ ಮಾಡಿಸೋಣ ಅನ್ನುವ ಮಾತು ಬಂದಾಗ ನನಗೆ ಸಿಟ್ಟು ಬಂತು. ಸೆಕ್ಷನ್ ನಂಬರುಗಳನ್ನೆಲ್ಲ ತುಂಬಿ ಮೂರು ಪುಟದ ದೂರು ಬರೆದುಕೊಟ್ಟೆ. ಮರುದಿನ ಅಣ್ಣನ ತಮ್ಮನಿಗೆ ಫೋನ್ ಹೋಯಿತು: "ನಮ್ಮಲ್ಲಿ ಸರಿ ಇಲ್ಲ ಅಂದ್ರೆ ಕರ್ಕೊಂಡು ಹೋಗಿ." ಎಲ್ಲಿಗೆ ಕರ್ಕೊಂಡು ಹೋಗೋದು? ಚಿಕ್ಕ ಮಕ್ಕಳಿಗಾದರೆ ವಿಶೇಷ ಶಾಲೆ ಅಂತ ಇದೆ, ಅಪ್ಪ ಅಮ್ಮ ಹೋದಮೇಲೆ ಉಳಿದ ದೊಡ್ಡವರಿಗೆ ಇಂಥ ಮನೆ ಸಿಗುವುದೇ ಕಷ್ಟ. ತಮ್ಮ ನನ್ನ ಹತ್ತಿರ ಬಂದು, "ಅಕ್ಕಾ, ದಯವಿಟ್ಟು ವಾಪಸ್ ತಗೊಳ್ಳಿ" ಅಂದರು. ತಗೊಂಡೆ.

ಆ ದೂರಿನಲ್ಲಿ ಇಡೀ ದೇಶದ ಕಾನೂನು ಇತ್ತು, ಅಣ್ಣ ಯಾಕೆ ತಟ್ಟೆ ತಳ್ಳುತ್ತಾರೆ ಅನ್ನೋದು ಮಾತ್ರ ಇರಲಿಲ್ಲ. ನನಗೇ ಗೊತ್ತಿರಲಿಲ್ಲ, ಅಲ್ವಾ.

ಆಮೇಲೆ ಮೂರು ಸಂಜೆ ಸುಮ್ನೆ ಅಲ್ಲಿ ಹೋಗಿ ಕೂತೆ. ಅಡುಗೆ ಅಕ್ಕ ಏಳೂಕಾಲರ ಬಸ್ ಹಿಡಿಯಬೇಕು, ಹಾಗಾಗಿ ಆರೂವರೆಗೆ ಊಟ. ಮುದ್ದೆ, ಬಸ್ಸಾರು. ಅಣ್ಣ ತಟ್ಟೆ ನೋಡುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ತಟ್ಟೆ ತಳ್ಳುತ್ತಾರೆ. ಮೂರು ದಿನವೂ ಅದೇ. ತಮ್ಮನನ್ನು ಕೇಳಿದಾಗ ಗೊತ್ತಾಯಿತು, ಅವರ ಅಪ್ಪನದು ದಿನಸಿ ಅಂಗಡಿ, ಒಂಬತ್ತಕ್ಕೆ ಬಾಗಿಲು ಹಾಕಿ ಮನೆಗೆ ಬಂದಮೇಲೆ ಅಪ್ಪ ಮಗ ಒಟ್ಟಿಗೆ ಉಣ್ಣುತ್ತಿದ್ದರಂತೆ, ನಲವತ್ತು ವರ್ಷ. ಇನ್ನು ರಾತ್ರಿ ಓಡಾಟ? ಹಸಿವಾಗಿ ಅಡುಗೆಮನೆಗೆ ಹೋಗುತ್ತಿದ್ದರು, ಅದಕ್ಕೆ ಬೀಗ.

ಎರಡನೇ ಪತ್ರ ಅರ್ಧ ಪುಟ, ಎರಡೇ ಬೇಡಿಕೆ. ಅಣ್ಣನ ಊಟ ಒಂಬತ್ತರ ತನಕ ಎತ್ತಿಡಬೇಕು, ಮಾತ್ರೆ ವಿಷಯ ಒಂದು ತಿಂಗಳು ಮುಂದಕ್ಕೆ ಹಾಕಬೇಕು. ತಾರೀಕು ಹಾಕಿ ಕೊಟ್ಟೆ, ನಕಲಿನ ಮೇಲೆ ಸಹಿ ಹಾಕಿಸಿಕೊಂಡೆ (ಇದನ್ನು ಮಾತ್ರ ಎಂದೂ ಬಿಡಬೇಡಿ). ಮೊದಲ ದಿನ ಹಾಟ್‌ಬಾಕ್ಸ್ ಮುಚ್ಚಳದ ಬೆವರಿಳಿದು ಮುದ್ದೆ ಒದ್ದೆಯಾಯಿತು, ಅಣ್ಣ ಮುಟ್ಟಲಿಲ್ಲ. ವಾರ್ಡನ್ ನನ್ನ ಮುಖ ನೋಡಿದರು. ಉಪಾಯ ಹೇಳಿದ್ದು ಅಡುಗೆ ಅಕ್ಕನೇ, ಮುದ್ದೆ ಮೇಲೆ ಒಂದು ಬಾಳೆಲೆ ತುಂಡು ಮುಚ್ಚಿ ಅಂದರು. ಈಗ ರಾತ್ರಿ ಪಾಳಿಯ ಹುಡುಗನೂ ಒಂಬತ್ತಕ್ಕೆ ಅವರ ಜೊತೆ ಕೂತು ಉಣ್ಣುತ್ತಾನೆ. ಹಾಗೆ ಮಾಡು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಕಾನೂನು ಬೇಡ ಅಂತಲ್ಲ. 'ಗಾರ್ಡಿಯನ್ ಒಪ್ಪಿದ್ದಾರೆ' ಅನ್ನುವ ಮಾತು ಈ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ಗಾರ್ಡಿಯನ್ ಅಂದರೆ ಇವರ ಪರವಾಗಿ ತೀರ್ಮಾನ ಮಾಡಲು ಕಾನೂನು ಪ್ರಕಾರ ನೇಮಕ ಆದವರು. ಆ ನೇಮಕದ ಆದೇಶದ ಪ್ರತಿ ತೋರಿಸಿ ಅಂತ ನಾನು ಮೆತ್ತಗೆ ಕೇಳುತ್ತೇನೆ. ಸಾಮಾನ್ಯವಾಗಿ ಇರುವುದೇ ಇಲ್ಲ. 18 ತುಂಬಿದ ಮೇಲೆ ಹೆತ್ತವರು ಕೂಡ ತಾನಾಗಿಯೇ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಮುಂದಾಳತ್ವದ ಸ್ಥಳೀಯ ಸಮಿತಿ ನೇಮಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಗೊತ್ತಾದ ವಿಷಯಕ್ಕೆ, ಗೊತ್ತಾದ ಅವಧಿಗೆ ಮಾತ್ರ ಗಾರ್ಡಿಯನ್, ಅವರೂ ಆ ವ್ಯಕ್ತಿಯ ಜೊತೆ ಸೇರಿಯೇ ತೀರ್ಮಾನ ಮಾಡಬೇಕು ಅನ್ನುತ್ತದೆ. ಓಟಿನ ವಿಷಯವೂ ಹಾಗೇ. 'ಇವರಿಗೆಲ್ಲ ಯಾಕೆ ಓಟು' ಅಂತ ಕೇಳಿದವರಿಗೆ ನನ್ನದು ಒಂದೇ ಉತ್ತರ: ಬುದ್ಧಿ ಸರಿಯಿಲ್ಲ ಅಂತ ಕೋರ್ಟ್ ಹೇಳಿದ್ದರೆ ಮಾತ್ರ ಪಟ್ಟಿಯಿಂದ ಹೊರಗಿಡಬಹುದು, ಕೋರ್ಟ್ ಆದೇಶ ಎಲ್ಲಿ? 2024ರ ಏಪ್ರಿಲ್ 26ರಂದು ಅಣ್ಣ ಓಟು ಹಾಕಿದರು. ಬೂತಿನಲ್ಲಿ ಅಧಿಕಾರಿ ಅಣ್ಣನ ಹೆಸರನ್ನು ನನ್ನನ್ನು ಕೇಳಿದರು. ನಾನು ಗೋಡೆ ನೋಡುತ್ತಾ ನಿಂತೆ. ತುಂಬಾ ಹೊತ್ತು ಅನಿಸಿತು. ಕೊನೆಗೆ ಅಣ್ಣನೇ ಹೇಳಿದರು, ಅಪ್ಪನ ಹೆಸರೂ ಸೇರಿಸಿ.

ಈಗ ಉಳಿದಿರುವುದು ಪಾಸ್‌ಬುಕ್. ಪಿಂಚಣಿ ಬರುವುದು ಅಣ್ಣನ ಖಾತೆಗೆ, ಪಾಸ್‌ಬುಕ್ ಇರುವುದು ಆಫೀಸಿನ ಬೀರುವಿನಲ್ಲಿ. ನಿಮ್ಮ ದುಡ್ಡಲ್ಲಿ ಏನು ತಗೋಬೇಕು ಅಂತ ಹೋದ ವಾರ ಕೇಳಿದೆ. ಅಲ್ಲಿ ಆರೂ ಜನಕ್ಕೆ ಒಂದೇ ಥರದ ನೀಲಿ ಹವಾಯಿ ಚಪ್ಪಲಿ. ಅಣ್ಣ ಬಗ್ಗಿ ನನ್ನ ಚಪ್ಪಲಿಯ ಬಕಲ್ ಮುಟ್ಟಿ ತೋರಿಸಿದರು. ಮುಂದಿನ ಪತ್ರದ ಎರಡನೇ ಬೇಡಿಕೆ ಅದೇ.