ಮೈಕ್ ಇಲ್ಲದ ಬೈಠಕ್, ಆಷಾಢದ ಮುಂಬಯಿ

ತಬಲಾ ಸಾಥಿಗೆ, ಅಂದರೆ ಹಾಡುವವರ ಜೊತೆಗೆ ನುಡಿಸಲು, ಕೂತವರಿಗೆ ಮುಂದಿನ ಸಾಲಿನವರ ಕೈಗಳು ಚೆನ್ನಾಗಿ ಕಾಣುತ್ತವೆ. ವಿಲಂಬಿತ, ಅಂದರೆ ನಿಧಾನಗತಿಯ ಏಕತಾಲದ ಒಂದು ಸುತ್ತಿಗೆ (ಆವರ್ತನಕ್ಕೆ) ಹತ್ತಿರಹತ್ತಿರ ಒಂದು ನಿಮಿಷ ಬೇಕು. ಹನ್ನೆರಡು ಮಾತ್ರೆಗಳ ಎಣಿಕೆ, ಒಂದೊಂದಕ್ಕೂ ನಾಲ್ಕೈದು ಸೆಕೆಂಡು. ಅಷ್ಟು ಹೊತ್ತು ಎಲ್ಲೆಲ್ಲೋ ಸುತ್ತಾಡಿದ ಗಾಯಕರು ಹಾಡಿನ ಮೊದಲ ತುಣುಕಾದ ಮುಖಡಾ ಹಿಡಿದು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಇಳಿಯುವಾಗ ಕೆಳಗೆ ಕೂತವರ ಬೆರಳೂ ಸರಿಯಾಗಿ ಅದೇ ಕ್ಷಣ ತೊಡೆಗೆ ತಾಗಿದರೆ, ಮುಂದಿನ ಆವರ್ತನದ ರೀತಿಯೇ ಬೇರೆ. ಗಾಯಕರು ಇನ್ನಷ್ಟು ನಿಧಾನವಾಗುತ್ತಾರೆ, ಒಂದು ಸ್ವರದ ಮೇಲೆ ಧೈರ್ಯವಾಗಿ ನಿಲ್ಲುತ್ತಾರೆ. ಯಾರ ಬೆರಳೂ ಅಲುಗದಿದ್ದರೆ ನಿಧಾನದ ಬಡಾ ಖ್ಯಾಲನ್ನು ಬೇಗ ಮುಗಿಸಿ ವೇಗದ ದ್ರುತ್‌ಗೆ ಹೋಗಿಬಿಡುತ್ತಾರೆ. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಸಾಥಿಗೆ ಹೋಗುವ ನಾನು ಇದನ್ನು ಎಷ್ಟೋ ಕಡೆ ಕಂಡಿದ್ದೇನೆ. ಕಚೇರಿ ಹೇಗಾಗುತ್ತದೆ ಅನ್ನುವುದರಲ್ಲಿ ಅರ್ಧ ಪಾಲು ಬಂದು ಕೂತವರದ್ದು ಎಂಬುದು ನನ್ನ ಗಟ್ಟಿ ನಂಬಿಕೆ.

ಅದಕ್ಕೇ ಈ ಆಷಾಢದಲ್ಲಿ ಒಂದು ವಾರ ಪೂರ್ತಿ, ದಿನಾ ಸಂಜೆ ಎಲ್ಲಾದರೂ ಹೋಗಿ ಎದುರಿಗೆ ಕೂತು ಕೇಳಬೇಕೆಂದು ನಿಶ್ಚಯ ಮಾಡಿದೆ. ದೊಡ್ಡ ಹೆಸರಿನ, ದೊಡ್ಡ ಟಿಕೆಟ್ಟಿನ ಕಾರ್ಯಕ್ರಮ ಬೇಡ. ಲೋಕಲ್ ರೈಲಿಗೆ ಎಟುಕುವಂಥದ್ದು, ಅಕ್ಕಪಕ್ಕದವರು ಹಾಡುವಂಥದ್ದು, ನಾಲ್ಕು ಜನ ಕಡಿಮೆಯಾದರೆ ಗೊತ್ತಾಗುವಂಥದ್ದು ಬೇಕಿತ್ತು. ಷಣ್ಮುಖಾನಂದ ಸಭಾಗೃಹದಲ್ಲಿ 2,500ಕ್ಕೂ ಹೆಚ್ಚು ಕುರ್ಚಿಗಳಿವೆ. ಅಲ್ಲಿ ನಾನೊಬ್ಬ ಬರದಿದ್ದರೂ ನಡೆಯುತ್ತದೆ. ಮೂವತ್ತು ಜನರ ಕೋಣೆಯಲ್ಲಿ ಹಾಗಲ್ಲ.

ವಾರವನ್ನು ಆರಿಸಿದ್ದು ಪಂಚಾಂಗ ನೋಡಿ. ಆಷಾಢ ಏಕಾದಶಿಯಿಂದ ಗುರುಪೂರ್ಣಿಮೆಗೆ ನಾಲ್ಕೈದು ದಿನ, ಆಮೇಲೆ ಬರುವ ಭಾನುವಾರ. ಮುಂಬಯಿಯಲ್ಲಿ ಇಷ್ಟು ಹಾಡು ಒಟ್ಟಿಗೆ ಸಿಗುವ ವಾರ ಇನ್ನೊಂದಿಲ್ಲ. ಒಂದು ಕಡೆ ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿಗಳ ಭಜನೆ, ಇನ್ನೊಂದು ಕಡೆ ಮರಾಠಿ ಸಂತರ ಪದಗಳಾದ ಅಭಂಗದ ಕಾರ್ಯಕ್ರಮಗಳು. ಊರಿನ ಯಕ್ಷಗಾನ ಮೇಳಗಳು ಮೇ ತಿಂಗಳಲ್ಲಿ ಬರುವ ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ಹಾಗಾಗಿ ಮಳೆಗಾಲಕ್ಕೆ ಕಲಾವಿದರು ಇತ್ತ ಬರುತ್ತಾರೆ. ಹುಣ್ಣಿಮೆ ಬಂತೆಂದರೆ ಗಲ್ಲಿಗೊಬ್ಬ ಗುರುಗಳ ಶಿಷ್ಯರ ಹಾಡು. ಎಲ್ಲಿ ಏನಿದೆ ಎಂದು ಹುಡುಕಲು ಇಲ್ಲಿನ ಕನ್ನಡ ದಿನಪತ್ರಿಕೆ ಕರ್ನಾಟಕ ಮಲ್ಲದ ಕಾರ್ಯಕ್ರಮಗಳ ಸುದ್ದಿ, ಮರಾಠಿ ಪತ್ರಿಕೆಯ ಇಂದಿನ ಕಾರ್ಯಕ್ರಮಗಳ ಅಂಕಣ, ಎರಡು ವಾಟ್ಸಾಪ್ ಗುಂಪು ಸಾಕಾದವು. ಇವುಗಳಿಗಿಂತ ಉಪಯೋಗಕ್ಕೆ ಬಂದದ್ದು ಸಭಾಗೃಹಗಳ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆದ ಫಲಕ. ಅಲ್ಲಿರುವ ಎಷ್ಟೋ ಕಾರ್ಯಕ್ರಮಗಳು ಯಾವ ಮೊಬೈಲಿಗೂ ಬರುವುದಿಲ್ಲ. ಖರ್ಚಿನ ಮಾತು ಹೇಳುವುದಾದರೆ, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲಿನ ಪಾಸ್ ಇರುವ ನಮ್ಮಂಥವರಿಗೆ ದಾದರ್, ಮಾಟುಂಗಾ ಎರಡೂ ದಾರಿಯಲ್ಲೇ ಬರುತ್ತವೆ. ಇಳಿದರಾಯಿತು, ಬೇರೆ ಟಿಕೆಟ್ ಬೇಡ.

ಏಕಾದಶಿ ದಿನ ಆಫೀಸು ಮುಗಿಸಿ ಹಾರ್ಬರ್ ಲೈನಿನಲ್ಲಿ ವಡಾಲಾಕ್ಕೆ ಹೋದೆ. ಅಲ್ಲಿನ ವಿಠ್ಠಲ ಮಂದಿರಕ್ಕೆ ಪ್ರತಿಪಂಢರಪುರ ಎಂದೇ ಹೆಸರು. ಬೆಳಗಿನ ಜಾವ ಶುರುವಾದ ದರ್ಶನದ ಸಾಲು ಸಂಜೆಗೂ ಕರಗಿರಲಿಲ್ಲ. ಸಾಲಿನ ಪಕ್ಕದಲ್ಲಿ ದಿಂಡಿಗಳು, ಅಂದರೆ ಹಾಡುತ್ತ ಸಾಗುವ ಭಕ್ತರ ಗುಂಪುಗಳು. ಕೊರಳಲ್ಲಿ ವೀಣೆ ಹಾಕಿಕೊಂಡ ಒಬ್ಬರು ನಡುವೆ, ಎರಡೂ ಕಡೆ ತಾಳದವರು, ಮೃದಂಗದಂಥ ಒಂದು ಪಖಾವಜ್. ಮಳೆ ಹನಿಯುತ್ತಲೇ ಇತ್ತು. ಮಳೆಗೆ ಚರ್ಮ ಸಡಿಲವಾಗಿ ಸ್ವರ ಇಳಿದುಹೋಗುವುದು ನಮ್ಮ ವಾದ್ಯಗಳ ಕಷ್ಟ. ಪಖಾವಜದ ಹುಡುಗ ಎರಡು ಅಭಂಗಗಳ ನಡುವೆ ಸುತ್ತಿಗೆ ತೆಗೆದು ಬದಿಯ ಮರದ ಗಟ್ಟೆಗಳ ಮೇಲೆ ಟಕಟಕ ಹೊಡೆದು ಬಲಭಾಗವನ್ನು ಏರಿಸಿದ. ಎಡಭಾಗಕ್ಕೆ ಹಚ್ಚಿದ ಕಣಕದ ಮುದ್ದೆಯಿಂದ ಒಂದು ಚೂರು ಕಿತ್ತು ತೆಗೆದು, ಅಂಗೈಯಿಂದ ತಟ್ಟಿ ಸಪಾಟು ಮಾಡಿ, ಒಮ್ಮೆ ಬಾರಿಸಿ ನೋಡಿದ. ಅಷ್ಟರಲ್ಲಿ ತಾಳದವರು ಮುಂದಿನ ಅಭಂಗ ಎತ್ತಿಕೊಂಡಾಗಿತ್ತು. ಅವನು ಎರಡನೇ ಸಾಲಿಗೆ ಬಂದು ಸೇರಿದ. ಒಂದು ಗೆರೆ ಅತ್ತಿತ್ತ ಆಗಲಿಲ್ಲ.

ಸಾಲಿನಲ್ಲಿ ಕಲಬುರಗಿ ಕಡೆಯ ಹೆಂಗಸರ ಒಂದು ಗುಂಪಿತ್ತು. ದಿಂಡಿ ಮುಂದೆ ಸರಿದೊಡನೆ ಅವರು ಕನ್ನಡದ ದಾಸರ ಪದ ಶುರು ಮಾಡಿದರು. ಹಿಂದಿದ್ದ ಮರಾಠಿ ಅಜ್ಜಿಯೊಬ್ಬರು ಪದ ಗೊತ್ತಿಲ್ಲದಿದ್ದರೂ ಪಲ್ಲವಿಯನ್ನು ಹಿಡಿದುಕೊಂಡು ದನಿಗೂಡಿಸಿದರು. ಮರಾಠಿ ಸಂತ ಜ್ಞಾನೇಶ್ವರರೇ ಕಾನಡಾ, ಅಂದರೆ ಕನ್ನಡದವನು, ಎಂದು ಹಾಡಿದ ದೇವರು, ಪುರಂದರದಾಸರ ಅಂಕಿತದಲ್ಲಿರುವ ದೇವರು. ಅವನ ಎದುರಿಗೆ ಇದಕ್ಕಿಂತ ಸಹಜವಾದದ್ದು ಏನಿದೆ?

ಮರುದಿನ ಮಾಟುಂಗಾದಲ್ಲಿ ತಾಳಮದ್ದಳೆ. ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು. ನಮ್ಮವರ ನಾಟಕ, ಸಂಗೀತ, ಉಪನ್ಯಾಸಕ್ಕೆಲ್ಲ ಈ ಊರಿನಲ್ಲಿರುವ ಹಳೆಯ ಆಸರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆ, ಚೆಂಡೆ, ಎರಡೂ ಬದಿಗೆ ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ಪ್ರಸಂಗ ವಾಲಿಯದ್ದು. ತಾಳಮದ್ದಳೆ ಎಂದರೆ ಮಾತಿನ ಕಲೆ ಎಂದು ಜನ ಹೇಳುತ್ತಾರೆ, ಸರಿಯೇ. ಆದರೆ ನನ್ನ ಕಿವಿ ಪೂರ್ತಿ ಭಾಗವತರ ಮೇಲಿತ್ತು. ವಾಲಿ ಬಿದ್ದಮೇಲೆ ರಾಮನನ್ನು ಪ್ರಶ್ನಿಸುವ ಪದ್ಯವನ್ನು ಅವರು ತೀರ ಇಳಿಸಿ, ಮದ್ದಳೆಯನ್ನೂ ಬರೀ ಬೆರಳ ತುದಿಗೆ ತಂದು ಹಾಡಿದರು. ಅರ್ಥ ಹೇಳಬೇಕಾದವರು ತುಸು ಹೊತ್ತು ಸುಮ್ಮನೆ ಕೂತರು. ಆಮೇಲೆ ಅವರು ಮಾತು ಎತ್ತಿಕೊಂಡದ್ದೂ ಅದೇ ಶ್ರುತಿಯಲ್ಲಿ. ಎದುರಿದ್ದ ನಾಲ್ಕಾರು ಹಿರಿಯರು ಎಲ್ಲ ಪದ್ಯ ಬಾಯಿಪಾಠ ಬಲ್ಲವರು. ವಾಲಿಯ ಒಂದು ಪ್ರಶ್ನೆಗೆ ಅವರು ‘ಹೌದು ಹೌದು’ ಎಂದದ್ದೇ ತಡ, ಅರ್ಥಧಾರಿ ಆ ಎಳೆಯನ್ನೇ ಹಿಡಿದು ಇನ್ನಷ್ಟು ಬೆಳೆಸಿದರು. ಮುಂಚೆ ಬರೆದಿಟ್ಟ ಮಾತಲ್ಲವಲ್ಲ ಅದು. ಆ ಹಿರಿಯರು ಅಂದು ಮನೆಯಲ್ಲೇ ಉಳಿದಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಚೆಂಬೂರಿನಲ್ಲಿ ಕರ್ನಾಟಕ ಸಂಗೀತ ಕೇಳಿದ ಸಂಜೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ನನ್ನ ಕಲಿಕೆಯ ಕ್ಷೇತ್ರವಲ್ಲ. ಆದರೆ ಅಲ್ಲಿ ಸಾಲುಸಾಲು ಜನ ಆದಿತಾಳದ ಎಂಟು ಅಕ್ಷರಗಳನ್ನು ತೊಡೆಯ ಮೇಲೆ ಬಹಿರಂಗವಾಗಿ ಎಣಿಸುತ್ತಾರೆ. ನಮ್ಮ ಹಿಂದುಸ್ತಾನಿ ಕೇಳುಗರು ಇದನ್ನು ಕಲಿಯಬೇಕು ಅನಿಸಿತು. ಇನ್ನೊಂದು ಸಂಜೆ ಸಹೋದ್ಯೋಗಿಯ ಮಗ ಗಿಟಾರ್ ನುಡಿಸುವ ಬ್ಯಾಂಡ್ ಕೇಳಲು ಖಾರ್‌ಗೆ ಹೋದೆ. ಶಬ್ದ ಜೋರು, ನನ್ನ ಕಿವಿಗೆ ಒಗ್ಗುವುದು ಕಷ್ಟ. ಆದರೂ ಡ್ರಮ್ಸ್ ಹುಡುಗಿ ಬಾಸ್ ಗಿಟಾರಿನವನ ಕಣ್ಣು ನೋಡುತ್ತ ಲಯ ಬದಲಿಸಿದ ರೀತಿ ನನಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಗಾಯಕರ ಕತ್ತಿನ ಸಣ್ಣ ಅಲುಗಾಟ ನೋಡಿ ನಾವು ತಿಹಾಯಿ, ಅಂದರೆ ಮೂರು ಸಲ ನುಡಿಸಿ ಸಮ್‌ಗೆ ಬರುವ ತುಣುಕು, ಮುಗಿಸುವುದೂ ಹಾಗೇ.

ವಾರದ ಮುಖ್ಯ ರಾತ್ರಿ ದಾದರಿನ ಹಿಂದೂ ಕಾಲೊನಿಯದ್ದು. ಹಳೆಯ ಕಟ್ಟಡದ ಮೂರನೇ ಮಹಡಿ, ಪರಿಚಯದವರ ಮನೆ. ನಡುಮನೆಯ ಸೋಫಾ ಹೊರಗಿಟ್ಟು ಜಮಖಾನೆ ಹಾಸಿದ್ದರು. ಮೂವತ್ತು ಜನಕ್ಕೆ ಮಂಡಿಗೆ ಮಂಡಿ ತಾಗುವಷ್ಟು ಜಾಗ. ಹಾಡುವವರು ಧಾರವಾಡದಿಂದ ಬಂದು ಇಲ್ಲೇ ನೆಲೆಸಿರುವ ತರುಣಿ. ಮೈಕ್ ಇಲ್ಲ.

ಮೈಕ್ ಇಲ್ಲದಿರುವುದರ ಬೆಲೆ ಏನು ಎಂದು ಹೇಳಲೇಬೇಕು. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ಸಡಿಲಿಕೆ ಕೊಟ್ಟರೂ ಮಧ್ಯರಾತ್ರಿಯವರೆಗೆ ಮಾತ್ರ, ಅದೂ ವರ್ಷಕ್ಕೆ 15 ದಿನಕ್ಕೆ ಮೀರದಂತೆ. ಆಸ್ಪತ್ರೆ, ಮಕ್ಕಳು, ವಯಸ್ಸಾದವರು ಇರುವ ಊರಿಗೆ ನಿಯಮ ಬೇಕು, ನನ್ನ ತಕರಾರಿಲ್ಲ. ಆದರೆ ಇಡೀ ರಾತ್ರಿಯ ಮೆಹಫಿಲ್‌ಗಳು ಹೋದವು, ಜೊತೆಗೆ ದರಬಾರಿ, ಅಡಾಣಾ, ಮಾಲಕಂಸಗಳಂಥ ತಡರಾತ್ರಿಯ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಕೇಳುವುದು ಅಪರೂಪವಾಯಿತು. ಮನೆಯ ಬೈಠಕ್‌ನಲ್ಲಿ, ಅಂದರೆ ಕೆಲವೇ ಜನ ಹತ್ತಿರ ಕೂತು ಕೇಳುವ ಕೂಟದಲ್ಲಿ, ಈ ಹೊತ್ತು ಇನ್ನೂ ಉಳಿದಿದೆ.

ಹಾಡು ಶುರುವಾಗುವ ಮುಂಚೆ ತಂಬೂರಿ ಕೂಡಿಸಿದ್ದೇ ನನಗೆ ಒಂದು ಕಚೇರಿ. ಮೀರಜದ ತಂಬೂರಿ. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮೊದಲು ತಂತಿ ಬಿಗಿಯುವ ಮೇಲಿನ ಕುಂಟಿ ತಿರುಗಿಸಿ ಹತ್ತಿರಕ್ಕೆ ತಂದರು, ಆಮೇಲೆ ಕೆಳಗಿನ ಮಣಿಯನ್ನು ಸರಿಸಿ ಸ್ವರಕ್ಕೆ ಕೂಡಿಸಿದರು. ಕಡೆಗೆ ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿಯಲ್ಲಿರುವ ಹತ್ತಿಯ ಎಳೆ. ಅದನ್ನು ಉಗುರಿನಿಂದ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಒಂದು ಜಾಗಕ್ಕೆ ಬಂದಾಗ ಜವಾರಿ, ಅಂದರೆ ತಂತಿಯ ನಾದ, ತೆರೆದುಕೊಂಡು, ಸಪ್ಪಗಿದ್ದ ತಂತಿ ಝೇಂಕರಿಸತೊಡಗಿತು. ನಾಲ್ಕೂ ತಂತಿ ಹೀಗೆ ಕೂಡಿದ ಮೇಲೆ ಖರಜದ, ಅಂದರೆ ಕೆಳಗಿನ ಷಡ್ಜದ, ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬಂತು. ಷಡ್ಜದ ಒಳಗೇ ಇರುವ ಉಪಸ್ವರ ಅದು, ತಂಬೂರಿ ಶುದ್ಧವಾಗಿ ಕೂಡಿದಾಗ ಎದ್ದು ಕೇಳುತ್ತದೆ. ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗ ‘ಇನ್ನೊಬ್ಬರು ಯಾರೋ ಹಾಡ್ತಿದಾರಲ್ಲ’ ಅಂದ. ತಂಬೂರಿ ಎಂದರೆ ಮೊಬೈಲಿನ ಆ್ಯಪ್ ಎಂದೇ ಬೆಳೆದವನು. ಅವನ ಮುಖ ನೋಡಿ ನನಗೆ ತುಂಬ ಸಂತೋಷವಾಯಿತು.

ಒಂಬತ್ತಕ್ಕೆ ಮಳೆಗಾಲದ ರಾಗ ಮಿಯಾಂ ಮಲ್ಹಾರ್. ಹೊರಗೆ ಮಳೆ. ಎರಡು ನಿಷಾದಗಳ ನಡುವೆ ಧೈವತವನ್ನು ಸವರಿಕೊಂಡು ಅವರು ಷಡ್ಜಕ್ಕೆ ಏರುವಾಗ ಉಸಿರು ತೆಗೆದುಕೊಂಡದ್ದೂ ನಮಗೆ ಕೇಳುತ್ತಿತ್ತು. ಹತ್ತೂವರೆ ದಾಟಿದ ಮೇಲೆ ದರಬಾರಿ. ಈ ರಾಗದ ಜೀವವೆಲ್ಲ ಕೋಮಲ ಗಾಂಧಾರ, ಕೋಮಲ ಧೈವತಗಳ ನಿಧಾನವಾದ ಆಂದೋಲನದಲ್ಲಿದೆ. ಸ್ವರ ನಿಂತಿದೆಯೋ ತೂಗುತ್ತಿದೆಯೋ ತಿಳಿಯದಷ್ಟು ಸಣ್ಣದು. ಫೋನಿನ ಸ್ಪೀಕರಿನಲ್ಲಿ ಅದು ಬರೀ ಉದ್ದ ಸ್ವರವಾಗಿ ಕೇಳುತ್ತದೆ. ಇಲ್ಲಿ ನಾಲ್ಕು ಅಡಿ ದೂರದಲ್ಲಿ ಆ ಗಾಂಧಾರ ರಿಷಭದ ಕಡೆ ಬಾಗಿ ಬಾಗಿ ಇಳಿಯುವುದು ಎದೆಗೇ ತಾಗಿತು. ಎದುರಿನ ಮೂವತ್ತು ಜನರಲ್ಲಿ ಒಬ್ಬರೂ ಅಲುಗಲಿಲ್ಲ. ಅದನ್ನು ಕಂಡು ಅವರು ಕೆಳಗಿನ ಮಂದ್ರ ಸಪ್ತಕಕ್ಕೆ ಇಳಿದರು, ಇಳಿದವರು ಬಹಳ ಹೊತ್ತು ಮೇಲೆ ಬರಲೇ ಇಲ್ಲ. ತಬಲಾದವರು, ನನಗಿಂತ ಎಷ್ಟೋ ಹಿರಿಯರು, ತಾಳದ ಮೂಲ ನಡೆಯಾದ ಠೇಕಾ ಬಿಟ್ಟು ಒಂದು ಬೋಲೂ ಹೆಚ್ಚು ಬಾರಿಸದೆ ಕಾದರು. ಆ ಸಂಯಮ ನನಗೆ ಆ ರಾತ್ರಿಯ ಪಾಠ.

ಈ ಊರಿನ ಇಂಥ ಕೋಣೆಗಳಿಗೂ ಕನ್ನಡಿಗರಾದ ನಮಗೂ ಹಳೆಯ ನಂಟು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರು ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಬಿ. ಆರ್. ದೇವಧರರ ಶಾಲೆಯಲ್ಲಿ ಕಲಿತರು. ಮಲ್ಲಿಕಾರ್ಜುನ ಮನಸೂರರಿಗೆ ಮಂಜೀ ಖಾನರ ತಾಲೀಮು ಸಿಕ್ಕಿದ್ದೂ ಇಲ್ಲೇ. ಹತ್ತಿರ ಕೂತು ಕೇಳಿ ಕೇಳಿಯೇ ಆ ವಿದ್ಯೆ ಅವರಿಗೆ ಬಂತು.

ಅಲ್ಲಿಂದ ದಾದರ್ ಸ್ಟೇಷನ್ ಹೆಜ್ಜೆ ದೂರ. ರಾತ್ರಿಯ ಕೊನೆಯ ಲೋಕಲ್‌ಗಳಲ್ಲಿ ಕೂರಲು ಜಾಗವೂ ಸಿಗುತ್ತದೆ. ಹೆಣ್ಣುಮಕ್ಕಳು ಇಬ್ಬರು ಮೂವರು ಸೇರಿ ಬಂದಿದ್ದರು, ಹಾಗೆ ಬರುವುದೇ ಅನುಕೂಲ.

ಗುರುಪೂರ್ಣಿಮೆಯ ಕಾರ್ಯಕ್ರಮ ನಮ್ಮಲ್ಲಿ ಭಾನುವಾರಕ್ಕೆ ಇಟ್ಟುಕೊಂಡಿದ್ದರು, ಡೊಂಬಿವಲಿಯ ಒಂದು ಶಾಲೆಯ ಹಾಲ್‌ನಲ್ಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಥಿಗೆ ನಾನೇ. ಏಳು ವರ್ಷದ ಮಗುವಿನಿಂದ ನಿವೃತ್ತರಾದವರವರೆಗೆ ಹಾಡುವವರು. ರೈಲ್ವೆಯಲ್ಲಿದ್ದು ನಿವೃತ್ತರಾದ ಒಬ್ಬರು ಮೊದಲ ಸಲ ವೇದಿಕೆಗೆ ಬಂದು ಭೂಪ್ ರಾಗ ಹಾಡಿದರು. ಮಧ್ಯದಲ್ಲಿ ತಾಳ ಕೈತಪ್ಪಿತು. ನಾನು ತೀನತಾಲದ ಠೇಕಾದಲ್ಲಿ ‘ಧಾ’ವನ್ನು ತುಸು ಒತ್ತಿ ತೋರಿಸಿದೆ, ಎದುರಿದ್ದವರು ಕೈಯಲ್ಲಿ ತಾಳ ಹಾಕಿದರು, ಅವರು ಸಮ್ ಹಿಡಿದುಕೊಂಡರು. ಅಷ್ಟು ಜನ ಸೇರಿ ಒಬ್ಬರನ್ನು ದಡ ಮುಟ್ಟಿಸಿದ್ದು ನನಗೆ ಯಾವ ದೊಡ್ಡ ಕಚೇರಿಗಿಂತಲೂ ಕಡಿಮೆಯದಲ್ಲ. ಅದಕ್ಕೇ ತಮ್ಮ ಮಗುವಿನ ಹಾಡು ಮುಗಿದ ಕೂಡಲೇ ಎದ್ದು ಹೋಗುವ ತಂದೆತಾಯಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಹಾಡುವ ಮಗುವಿಗೆ ಎದುರಿಗೆ ಖಾಲಿ ಕುರ್ಚಿ. ಅದು ಏನು ಕಲಿಯಬೇಕು?

ಈ ವಾರದ ನಂತರ ನಮ್ಮ ಸೊಸೈಟಿಯಲ್ಲೇ ತಿಂಗಳಿಗೊಂದು ಬೈಠಕ್ ಶುರು ಮಾಡಿದ್ದೇವೆ. ಮಾಡಬೇಕೆನ್ನುವವರಿಗೆ ನಮ್ಮ ಕ್ರಮ ಹೇಳುತ್ತೇನೆ. ಸೊಸೈಟಿಯ ಆಫೀಸು ಕೋಣೆಯನ್ನು ಶನಿವಾರ ಸಂಜೆಗೆ ಕೇಳಿ ಪಡೆದೆವು. ಮೈಕ್ ಇಲ್ಲ ಎಂದೊಡನೆ ಕಮಿಟಿಯವರು ಒಪ್ಪಿದರು. ಫ್ಯಾನಿನ ಸದ್ದು ತಂಬೂರಿಯನ್ನು ತಿನ್ನುತ್ತದೆ, ಆದ್ದರಿಂದ ಹಾಡುವಾಗ ಅದನ್ನು ನಿಲ್ಲಿಸಿ ಕಿಟಕಿ ತೆರೆಯುತ್ತೇವೆ. ಮಂಡಿ ನೋವಿನವರಿಗೆ ಗೋಡೆ ಬದಿಯಲ್ಲಿ ಕುರ್ಚಿ, ಉಳಿದವರಿಗೆ ಜಮಖಾನೆ. ಬಾಗಿಲ ಬಳಿ ಒಂದು ಡಬ್ಬಿ, ಅದರಲ್ಲಿ ಬಿದ್ದದ್ದೆಲ್ಲ ಕಲಾವಿದರಿಗೆ. ಕಡಿಮೆ ಬಿದ್ದರೆ ಮೊದಲೇ ಒಪ್ಪಿಕೊಂಡ ನಾಲ್ಕು ಮನೆಯವರು ತುಂಬಿಕೊಡುತ್ತಾರೆ. ಹಾಡುವವರನ್ನು ಸುತ್ತಮುತ್ತಲಿನಿಂದಲೇ ಕರೆಯುತ್ತೇವೆ. ಥಾಣೆ, ಕಲ್ಯಾಣ, ಮುಲುಂಡ್‌ಗಳಲ್ಲಿ ದಿನಾ ರಿಯಾಜ್ ಮಾಡಿಯೂ ವರ್ಷಕ್ಕೆ ಒಂದೆರಡು ವೇದಿಕೆ ಸಿಗದ ಗಟ್ಟಿ ಗಾಯಕರಿದ್ದಾರೆ. ಶ್ರಾವಣದ ಬೈಠಕ್‌ಗೆ ಬಿ ವಿಂಗ್‌ನ ಇಬ್ಬರು ಹುಡುಗರು ತಂಬೂರಿ ಹಿಡಿಯುತ್ತೇವೆ ಎಂದಿದ್ದಾರೆ. ಅವರಿಗೆ ಬುಧವಾರ ಸಂಜೆ ಎಳೆ ಸರಿಸುವುದನ್ನು ಕಲಿಸಲು ಕೂಡುತ್ತಿದ್ದೇವೆ.