ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ: ಆ ಲಾಗಿನ್ ಪುಟ ಎಲ್ಲಿ ಹೋಯ್ತು?

ಸಿಗ್ನಲ್ ಪೂರ್ತಿ ಇದೆ. ಲ್ಯಾಪ್‌ಟಾಪ್ ‘ಕನೆಕ್ಟೆಡ್’ ಅನ್ನುತ್ತಿದೆ. ಆದರೆ ಬ್ರೌಸರ್‌ನಲ್ಲಿ ಒಂದು ಪುಟವೂ ತೆರೆಯುವುದಿಲ್ಲ, ಪಕ್ಕದಲ್ಲಿರುವ ಫೋನ್‌ನಲ್ಲಿ ಮಾತ್ರ ಅದೇ ವೈಫೈ ಆರಾಮಾಗಿ ಓಡುತ್ತಿರುತ್ತದೆ. ಇಂಥ ಹೊತ್ತಲ್ಲಿ ಸುಮ್ನೆ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಾ ಕೂತರೆ ಸಮಯ ಹಾಳು. ಲ್ಯಾಪ್‌ಟಾಪ್ ಕೆಟ್ಟಿರುವ ಸಾಧ್ಯತೆ ತುಂಬಾ ಕಡಿಮೆ.

ವಿಮಾನ ನಿಲ್ದಾಣ, ಹೋಟೆಲ್, ಲೈಬ್ರರಿಗಳ ವೈಫೈ ಮನೆಯ ವೈಫೈ ಥರ ಅಲ್ಲ. ಅದಕ್ಕೆ ಸೇರಿಕೊಂಡ ತಕ್ಷಣ ಇಂಟರ್ನೆಟ್ ಸಿಗುವುದಿಲ್ಲ. ಮೊದಲು ಒಂದು ಲಾಗಿನ್ ಪುಟ ಬರಬೇಕು, ಅಲ್ಲಿ ನೀವು ಫೋನ್ ನಂಬರನ್ನೋ ರೂಮ್ ನಂಬರನ್ನೋ ಕೊಡಬೇಕು, ಇಲ್ಲವೇ ‘ಒಪ್ಪಿದ್ದೇನೆ’ ಅಂತ ಒತ್ತಬೇಕು, ಆಮೇಲೆಯೇ ದಾರಿ ಬಿಡುತ್ತಾರೆ. ಇದಕ್ಕೆ ಕ್ಯಾಪ್ಟಿವ್ ಪೋರ್ಟಲ್ ಎನ್ನುತ್ತಾರೆ. ಹೆಚ್ಚಿನ ಸಲ ತೊಂದರೆ ಇರುವುದು ಇಲ್ಲೇ: ಆ ಪುಟ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಂದಿಲ್ಲ. ಅದನ್ನು ಬರಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು ಪುಟ ಬರಿಸಿ

ಬ್ರೌಸರ್ ತೆರೆದು ನೀವು ದಿನಾ ನೋಡುವ ಸೈಟಿಗೆ ಹೋದರೆ ಲಾಗಿನ್ ಪುಟ ಬರದೇ ಇರಬಹುದು. ಯಾಕೆ ಗೊತ್ತಾ? ಈಗ ಬಹುತೇಕ ಸೈಟುಗಳು ಎಚ್‌ಟಿಟಿಪಿಎಸ್‌ನಲ್ಲಿ ಓಡುತ್ತವೆ, ಅಂದರೆ ನಿಮಗೂ ಆ ಸೈಟಿಗೂ ನಡುವೆ ಬೇರೆಯವರು ಕೈ ಹಾಕದಂತೆ ಬೀಗ ಇರುತ್ತದೆ. ಆದರೆ ವೈಫೈ ಕೊಡುವವರು ಮಾಡಬೇಕಿರುವುದು ನಡುವೆ ಕೈ ಹಾಕುವ ಕೆಲಸವನ್ನೇ! ನೀವು ಕೇಳಿದ ಪುಟದ ಬದಲು ತಮ್ಮ ಪುಟ ತೋರಿಸಬೇಕು. ಬ್ರೌಸರ್ ಇದಕ್ಕೆ ಒಪ್ಪುವುದಿಲ್ಲ. ‘ಈ ಕನೆಕ್ಷನ್ ಸುರಕ್ಷಿತ ಅಲ್ಲ’ ಎನ್ನುವ ಎಚ್ಚರಿಕೆ ತೋರಿಸುತ್ತದೆ, ಇಲ್ಲವೇ ಸುತ್ತುತ್ತಾ ನಿಂತುಬಿಡುತ್ತದೆ.

ಹಾಗಾಗಿ ಬೀಗ ಇಲ್ಲದ ಸೈಟನ್ನು ಕೇಳಬೇಕು. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಒಂದು ಸೈಟ್ ಇದೆ, ಅದು ಇರುವುದೇ ಈ ಕೆಲಸಕ್ಕೆ. ಅಡ್ರೆಸ್ ಬಾರ್‌ನಲ್ಲಿ ಮುಂದುಗಡೆ ಎಚ್‌ಟಿಟಿಪಿ ಅಂತ ಮಾತ್ರ ಇರಲಿ, ಕೊನೆಯ ಎಸ್ ಬೇಡ. ಮ್ಯಾಕ್ ಇದ್ದವರು ಕ್ಯಾಪ್ಟಿವ್ ಡಾಟ್ ಆ್ಯಪಲ್ ಡಾಟ್ ಕಾಮ್‌ಗೆ ಹೋಗಿ ನೋಡಬಹುದು. ಮ್ಯಾಕ್ ತಾನೇ ಒಳಗೊಳಗೆ ಕೇಳುವುದು ಈ ವಿಳಾಸವನ್ನೇ. ಅಲ್ಲಿ ‘ಸಕ್ಸೆಸ್’ ಎನ್ನುವ ಒಂದೇ ಪದ ಕಂಡರೆ ಇಂಟರ್ನೆಟ್ ಇದೆ ಅಂತ ಅರ್ಥ, ಬೇರೆ ಪುಟ ಕಂಡರೆ ಅದೇ ನಿಮ್ಮ ಲಾಗಿನ್ ಪುಟ. ವಿಂಡೋಸ್ ಕೂಡ ಹೀಗೇ ಮೈಕ್ರೋಸಾಫ್ಟ್‌ನ ಒಂದು ವಿಳಾಸವನ್ನು ಕೇಳಿ ನೋಡುತ್ತದೆ. ನಿರೀಕ್ಷಿಸಿದ ಉತ್ತರ ಬರದಿದ್ದಾಗ ‘ನೋ ಇಂಟರ್ನೆಟ್’ ಅಂತ ಬರೆಯುತ್ತದೆ. ಫೈರ್‌ಫಾಕ್ಸ್ ಬಳಸುವವರು ಬ್ರೌಸರ್‌ನ ಮೇಲ್ಭಾಗ ನೋಡಿ, ಲಾಗಿನ್ ಪುಟ ತೆರೆಯಲು ಒಂದು ಬಟನ್ ಅದೇ ಕೊಡುತ್ತದೆ.

ಇಷ್ಟಾದರೂ ಬರಲಿಲ್ಲವಾ? ಹಾಗಾದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಏನೋ ಅಡ್ಡ ಕೂತಿದೆ.

ಅಡ್ಡ ಕೂತಿರುವುದು ಯಾವುದು?

ಮೊದಲ ಅನುಮಾನ ವಿಪಿಎನ್ ಮೇಲೆ, ಅಂದರೆ ನಿಮ್ಮ ಇಂಟರ್ನೆಟ್ ಓಡಾಟವನ್ನೆಲ್ಲ ಬೀಗ ಹಾಕಿ ಬೇರೊಂದು ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ. ಆಫೀಸಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ತಾನಾಗಿಯೇ ಶುರುವಾಗುತ್ತದೆ, ವಿಪಿಎನ್ ಸಿಗುವ ತನಕ ಬೇರೆ ಎಲ್ಲವನ್ನೂ ತಡೆಯುವ ಸೆಟ್ಟಿಂಗ್ ಕೂಡ ಇರಬಹುದು. ಇಂಟರ್ನೆಟ್ ಇಲ್ಲದೆ ವಿಪಿಎನ್ ಇಲ್ಲ, ವಿಪಿಎನ್ ಇಲ್ಲದೆ ಲಾಗಿನ್ ಪುಟ ಇಲ್ಲ! ಅದನ್ನು ನಿಲ್ಲಿಸಿ, ಲಾಗಿನ್ ಆಗಿ, ಆಮೇಲೆ ಮತ್ತೆ ಹಾಕಿ.

ಎರಡನೆಯದು ಡಿಎನ್‌ಎಸ್. ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿ ಕೊಡುವ ಡೈರೆಕ್ಟರಿ ಇದು. ಮನೆಯಲ್ಲಿ ವೇಗ ಜಾಸ್ತಿ ಆಗಲಿ ಅಂತ 8.8.8.8 (ಗೂಗಲ್‌ನದು) ಅಥವಾ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯದು) ಎಂಬ ಡಿಎನ್‌ಎಸ್ ಹಾಕಿಕೊಂಡು ಮರೆತಿರುತ್ತೇವೆ ಅಲ್ವಾ, ಅದು ಇಲ್ಲಿ ತೊಡಕು. ಎಷ್ಟೋ ಪಬ್ಲಿಕ್ ವೈಫೈಗಳಲ್ಲಿ ಲಾಗಿನ್ ಪುಟದ ದಾರಿ ಅವರದೇ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತದೆ. ಅದರಲ್ಲೂ 1.1.1.1 ಕಥೆ ವಿಚಿತ್ರ. ಕ್ಲೌಡ್‌ಫ್ಲೇರ್ 2018ರಲ್ಲಿ ಈ ನಂಬರಿನಲ್ಲಿ ಡಿಎನ್‌ಎಸ್ ಶುರು ಮಾಡುವ ಮುಂಚೆಯೇ ಸಿಸ್ಕೋ ಕಂಪನಿಯ ವೈಫೈ ಉಪಕರಣಗಳಲ್ಲಿ ಲಾಗಿನ್ ಪುಟಕ್ಕೆ ಇದೇ ನಂಬರ್ ಬಳಸುವ ರೂಢಿ ಇತ್ತು. ಹಳೇ ಸೆಟಪ್ ಇರುವ ಕಡೆ 1.1.1.1 ಅಂದರೆ ಇವತ್ತಿಗೂ ಆ ಜಾಗದ ಲಾಗಿನ್ ಪುಟವೇ ಆಗಿರಬಹುದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಅಲ್ಲಿಂದ ಆ ವೈಫೈನ ಪ್ರಾಪರ್ಟೀಸ್‌ಗೆ ಹೋಗಿ. ಐಪಿ ಅಸೈನ್‌ಮೆಂಟ್, ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎರಡೂ ‘ಆಟೋಮ್ಯಾಟಿಕ್’ ಇರಬೇಕು. ಬ್ರೌಸರ್ ಒಳಗೂ ಬೇರೆ ಡಿಎನ್‌ಎಸ್ ಇರುತ್ತದೆ, ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಕ್ರೋಮ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಒಳಗಿನ ಸೆಕ್ಯುರಿಟಿಯಲ್ಲಿ ‘ಯೂಸ್ ಸೆಕ್ಯೂರ್ ಡಿಎನ್‌ಎಸ್’ ಅಂತಿದೆ, ಲಾಗಿನ್ ಆಗುವ ತನಕ ಆಫ್ ಮಾಡಿ. ಪ್ರಾಕ್ಸಿ (ಬ್ರೌಸರ್ ಕೇಳುವುದನ್ನು ನಡುವಿನ ಬೇರೊಂದು ಸರ್ವರ್ ಮೂಲಕ ಕಳಿಸುವ ಸೆಟ್ಟಿಂಗ್) ಏನಾದರೂ ಹಾಕಿದ್ದರೆ ಅದೂ ಆಫ್.

ದಿನಾಂಕ, ಸಮಯ ಸರಿ ಇದೆಯಾ ಅಂತ ಒಂದು ಕಣ್ಣು ಹಾಯಿಸಿ. ಗಡಿಯಾರ ತುಂಬಾ ತಪ್ಪಿದ್ದರೆ ಬ್ರೌಸರ್ ಬೀಗ ಇರುವ ಸೈಟುಗಳನ್ನು ನಂಬುವುದಿಲ್ಲ.

ನಂಬರೇ ಸಿಕ್ಕಿಲ್ಲದಿದ್ದರೆ

ಅದೇ ಪ್ರಾಪರ್ಟೀಸ್ ಪುಟದಲ್ಲಿ ಕೆಳಗೆ ಐಪಿವಿ4 ಅಡ್ರೆಸ್, ಅಂದರೆ ಆ ವೈಫೈನಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ನಂಬರ್, ಕಾಣುತ್ತದೆ. ಅದು 169.254 ಅಂತ ಶುರುವಾಗಿದ್ದರೆ ವೈಫೈ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ಈ ಸ್ಥಿತಿಯಲ್ಲಿ ಬ್ರೌಸರ್‌ನಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ. ಆ ವೈಫೈ ಮೇಲೆ ‘ಫರ್ಗೆಟ್’ ಒತ್ತಿ, ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹೊಸದಾಗಿ ಸೇರಿ. ಜನ ತುಂಬಿರುವ ಜಾಗದಲ್ಲಿ ಕೊಡಲು ವಿಳಾಸಗಳೇ ಖಾಲಿಯಾಗಿರಬಹುದು. ಆಗ ಕಾಯಬೇಕು, ಇಲ್ಲವೇ ಅಲ್ಲಿನ ಸಿಬ್ಬಂದಿಗೆ ಹೇಳಬೇಕು.

ಲಾಗಿನ್ ಆದ ಮೇಲೂ ಪದೇ ಪದೇ ಅದೇ ಪುಟ ಬರುತ್ತಿದ್ದರೆ ಮ್ಯಾಕ್ ವಿಳಾಸ ನೋಡಿ. ಆ್ಯಪಲ್ ಮ್ಯಾಕ್ ಅಲ್ಲ, ಪ್ರತಿ ವೈಫೈ ಚಿಪ್‌ಗೂ ಇರುವ ಗುರುತಿನ ಸಂಖ್ಯೆ. ಪೋರ್ಟಲ್ ನಿಮ್ಮನ್ನು ಗುರುತಿಸುವುದು ಸಾಮಾನ್ಯವಾಗಿ ಇದರಿಂದಲೇ. ವಿಂಡೋಸ್‌ನಲ್ಲಿ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಪ್ರತಿದಿನ ಬದಲಾಗುವಂತೆ ಇದ್ದರೆ, ಅಥವಾ ಹೊಸ ಮ್ಯಾಕ್‌ಒಎಸ್‌ನಲ್ಲಿ ಪ್ರೈವೇಟ್ ವೈಫೈ ಅಡ್ರೆಸ್ ‘ರೊಟೇಟಿಂಗ್’ ಅಂತಿದ್ದರೆ, ಪೋರ್ಟಲ್‌ಗೆ ನೀವು ಹೊಸಬರಾಗಿ ಕಾಣಬಹುದು. ಆ ಒಂದು ವೈಫೈಗೆ ಮಾತ್ರ ಆಫ್ ಮಾಡಿ ಅಥವಾ ‘ಫಿಕ್ಸ್ಡ್’ ಇಡಿ. ಇನ್ನೊಂದು ಸಾಧ್ಯತೆ: ಒಬ್ಬರಿಗೆ ಇಷ್ಟೇ ಸಾಧನ ಅಂತ ಮಿತಿ ಇದ್ದು ನಿಮ್ಮ ಫೋನ್ ಆ ಜಾಗ ಹಿಡಿದಿರಬಹುದು. ಫೋನಿನಲ್ಲಿ ಲಾಗ್ ಔಟ್ ಆಗಿ ನೋಡಿ.

‘ನೆಟ್‌ವರ್ಕ್ ರೀಸೆಟ್’ ಕೊನೆಗಿರಲಿ. ವಿಂಡೋಸ್‌ನಲ್ಲಿ ಅದನ್ನು ಒತ್ತಿದರೆ ನೆಟ್‌ವರ್ಕ್ ಅಡಾಪ್ಟರ್‌ಗಳು ಹೊಸದಾಗಿ ಇನ್‌ಸ್ಟಾಲ್ ಆಗುತ್ತವೆ, ಉಳಿಸಿಕೊಂಡ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ವಿಪಿಎನ್ ಮತ್ತೆ ಹೊಂದಿಸಬೇಕಾಗಬಹುದು. ಅದಕ್ಕೂ ಮುಂಚೆ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ ನೋಡಿ. ಅಲ್ಲಿ ಇಂಟರ್ನೆಟ್ ಬಂದರೆ ವೈಫೈ ಚಿಪ್, ಡ್ರೈವರ್ ಎಲ್ಲ ಸರಿ ಇವೆ, ರೀಸೆಟ್ ಅಗತ್ಯ ಬಹುಶಃ ಬರುವುದಿಲ್ಲ.

ಇಷ್ಟೆಲ್ಲ ಮಾಡುವಾಗ ಒಂದು ವಿಷಯದಲ್ಲಿ ದಯವಿಟ್ಟು ರಾಜಿ ಬೇಡ. ವೈಫೈ ಹೆಸರು ಸರಿಯಾಗಿ ಯಾವುದು ಅಂತ ಅಲ್ಲಿನವರನ್ನೇ ಕೇಳಿ, ಅದೇ ಥರದ ಹೆಸರಿಟ್ಟು ಬಲೆ ಬೀಸುವವರಿದ್ದಾರೆ. ಉಚಿತ ಅಂತ ಹೇಳಿದ ವೈಫೈನ ಲಾಗಿನ್ ಪುಟ ನಿಮ್ಮ ಇಮೇಲ್ ಪಾಸ್‌ವರ್ಡನ್ನೋ ಕಾರ್ಡ್ ನಂಬರನ್ನೋ ಕೇಳಿದರೆ ಕೊಡಬೇಡಿ. ಬ್ಯಾಂಕ್ ಸೈಟಿನಲ್ಲಿ ಸುರಕ್ಷತೆಯ ಎಚ್ಚರಿಕೆ ಬಂದರೆ ಅದನ್ನು ದಾಟಿ ಮುಂದೆ ಹೋಗಬೇಡಿ. ಲಾಗಿನ್ ಆಯಿತು ಅಂದಮೇಲೆ ನಿಲ್ಲಿಸಿದ್ದ ವಿಪಿಎನ್, ಸೆಕ್ಯೂರ್ ಡಿಎನ್‌ಎಸ್ ಎರಡನ್ನೂ ತಕ್ಷಣ ಮತ್ತೆ ಆನ್ ಮಾಡಿ.